ಕಪ್ಪುಕುಳಿ ನಿಜವಾಗಿಯೂ ‘ನರಳುತ್ತದೆಯೇ’? ಒಂದು ಆಡಿಯೋ, ಎಕ್ಸ್‌-ರೇ ಮತ್ತು ದೂರದ ಗೆಲಾಕ್ಸಿಗಳ ಕಥೆ

ಅರ್ಧ ನಿಮಿಷದ ಒಂದು ಆಡಿಯೋ. ಪಾಳುಬಾವಿಯೊಳಗೆ ಯಾರೋ ಕುಳಿತು ನರಳಿದಂತೆ ಕೇಳಿಸುತ್ತದೆ. ಜೊತೆಗೊಂದು ಬಣ್ಣಬಣ್ಣದ ಚಿತ್ರ, ಅದರ ಕೆಳಗೆ ‘ಕಪ್ಪುಕುಳಿಯ ಶಬ್ದವನ್ನು ನಾಸಾ ರೆಕಾರ್ಡ್ ಮಾಡಿದೆ, ಹೆಡ್‌ಫೋನ್ ಹಾಕಿಕೊಂಡು ಕೇಳಿ’ ಎಂಬ ಸಾಲು. ನಿಮ್ಮ ವಾಟ್ಸಾಪ್ ಗುಂಪಿಗೂ ಇದು ಬಂದಿರಬಹುದು. ಬಂದಾಗ ಗುಂಪು ಸಾಮಾನ್ಯವಾಗಿ ಎರಡು ಪಕ್ಷವಾಗುತ್ತದೆ. ಒಂದು ಪಕ್ಷಕ್ಕೆ ಅದರಲ್ಲಿ ಓಂಕಾರ ಕೇಳಿಸುತ್ತದೆ, ಇಲ್ಲವೇ ನರಕದ ಕೂಗು ಕೇಳಿಸುತ್ತದೆ. ಇನ್ನೊಂದು ಪಕ್ಷ, ಶಾಲೆಯಲ್ಲಿ ವಿಜ್ಞಾನ ಓದಿದ್ದನ್ನು ನೆನಪಿಟ್ಟುಕೊಂಡವರದು, ‘ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲ, ಶಬ್ದ ಎಲ್ಲಿಂದ ಬಂತು? ಇದು ಫೇಕ್’ ಎಂದು ತಳ್ಳಿಹಾಕುತ್ತದೆ.

ನಾವೂ ಮೊದಲಿಗೆ ಎರಡನೆಯ ಪಕ್ಷದಲ್ಲೇ ಇದ್ದೆವು. ಮೂಲ ಹುಡುಕುತ್ತಾ ಹೋದಾಗ ಎರಡೂ ಪಕ್ಷಗಳು ಅರ್ಧರ್ಧ ತಪ್ಪು ಎಂದು ಗೊತ್ತಾಯಿತು. ಆಡಿಯೋ ನಾಸಾದ್ದೇ. ಆದರೆ ಅದನ್ನು ಯಾವ ಮೈಕೂ ರೆಕಾರ್ಡ್ ಮಾಡಿಲ್ಲ. ಅದು ಹುಟ್ಟಿದ್ದು ಒಂದು ಎಕ್ಸ್‌-ರೇ ಚಿತ್ರದಿಂದ.

ಹಾಗಾದರೆ ಎಕ್ಸ್‌-ರೇಗೂ ಕಪ್ಪುಕುಳಿಗೂ ಏನು ಸಂಬಂಧ? ಬೆಳಕನ್ನೇ ಹೊರಬಿಡದ ವಸ್ತುವಿನ ಬಗ್ಗೆ ವಿಜ್ಞಾನಿಗಳು ಇಷ್ಟೊಂದು ಖಚಿತವಾಗಿ ಮಾತಾಡುವುದಾದರೂ ಹೇಗೆ? ಈ ಲೇಖನ ಅದರ ಬಗ್ಗೆ.

ಮೊದಲು ಆಡಿಯೋ ವಿಷಯ ಮುಗಿಸೋಣ

ನಮ್ಮಿಂದ ಸುಮಾರು 24 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಪರ್ಸಿಯಸ್ ಎಂಬ ಗೆಲಾಕ್ಸಿಗಳ ಗುಂಪಿದೆ. ಅದರ ನಡುಮಧ್ಯದಲ್ಲಿ ಎನ್‌ಜಿಸಿ 1275 ಎಂಬ ದೊಡ್ಡ ಗೆಲಾಕ್ಸಿ, ಆ ಗೆಲಾಕ್ಸಿಯ ಹೃದಯದಲ್ಲಿ ಒಂದು ದೈತ್ಯ ಕಪ್ಪುಕುಳಿ. ಇಡೀ ಗುಂಪನ್ನು ತೆಳುವಾದ, ಕೋಟ್ಯಂತರ ಡಿಗ್ರಿ ಬಿಸಿಯಿರುವ ಅನಿಲ ಆವರಿಸಿಕೊಂಡಿದೆ. ಬಾಹ್ಯಾಕಾಶ ಖಾಲಿ ಎಂಬ ಮಾತು ಬಹುಪಾಲು ನಿಜವಾದರೂ ಇಂಥ ಕಡೆ ಪೂರ್ತಿ ನಿಜವಲ್ಲ. ಅನಿಲ ಇರುವಲ್ಲಿ ಒತ್ತಡದ ಅಲೆಗಳು ಸಾಗಬಲ್ಲವು. ಒತ್ತಡದ ಅಲೆಯೆಂದರೆ ಶಬ್ದವೇ ತಾನೆ?

2003ರಲ್ಲಿ ನಾಸಾದ ಚಂದ್ರಾ ಎಕ್ಸ್‌-ರೇ ದೂರದರ್ಶಕದ ಚಿತ್ರಗಳಲ್ಲಿ ಖಗೋಳವಿಜ್ಞಾನಿಗಳು ಈ ಅಲೆಗಳನ್ನು ಗುರುತಿಸಿದರು. ಕೆರೆಗೆ ಕಲ್ಲು ಹಾಕಿದಾಗ ಏಳುವ ಉಂಗುರಗಳಂತೆ, ಒಂದರಾಚೆ ಒಂದು. ಕಪ್ಪುಕುಳಿಯ ಸುತ್ತಲಿನಿಂದ ಚಿಮ್ಮುವ ಕಣಗಳ ಧಾರೆಗಳು ಅನಿಲದಲ್ಲಿ ದೊಡ್ಡ ಗುಳ್ಳೆಗಳನ್ನು ಊದುತ್ತವೆ, ಆ ತಳ್ಳಾಟಕ್ಕೆ ಅಲೆಗಳೇಳುತ್ತವೆ. ಅಲೆಗಳ ನಡುವಿನ ಅಂತರ ಅಳೆದು ಅದರ ಶ್ರುತಿಯನ್ನೂ ಲೆಕ್ಕ ಹಾಕಿದರು. ಪಿಯಾನೋದ ನಡುಭಾಗದ ಸ್ವರಕ್ಕಿಂತ 57 ಸ್ಥಾಯಿ ಕೆಳಗೆ!

ಸಂಗೀತ ಕಲಿತವರಿಗೆ ಗೊತ್ತು, ಒಂದು ‘ಸ’ದಿಂದ ಮೇಲಿನ ‘ಸ’ಕ್ಕೆ ಹೋದರೆ ಒಂದು ಸ್ಥಾಯಿ, ಕಂಪನದ ವೇಗ ಎರಡು ಪಟ್ಟು. ಸಾಮಾನ್ಯ ಹಾರ್ಮೋನಿಯಂನಲ್ಲಿ ಇರುವುದು ಮೂರು, ಮೂರೂವರೆ ಸ್ಥಾಯಿ. ನಿಮ್ಮ ಹಾರ್ಮೋನಿಯಂನ ಎಡಗಡೆಗೆ ಇನ್ನೂ ಹದಿನಾರು ಹಾರ್ಮೋನಿಯಂ ಸಾಲಾಗಿ ಜೋಡಿಸಿ, ಕೊನೆಯ ಮನೆ ಒತ್ತಿದರೆ ಪರ್ಸಿಯಸ್‌ನ ಸ್ವರದ ಹತ್ತಿರ ಬರಬಹುದು. ಅಲ್ಲಿ ಒಂದೇ ಒಂದು ಕಂಪನ ಮುಗಿಯಲು ಸುಮಾರು 96 ಲಕ್ಷ ವರ್ಷ ಬೇಕು. ನಮ್ಮಂಥ ಮನುಷ್ಯರು ಭೂಮಿಯ ಮೇಲೆ ಕಾಣಿಸಿಕೊಂಡು ಮೂರು ಲಕ್ಷ ವರ್ಷವಾಗಿರಬಹುದು. ಅಷ್ಟೂ ಕಾಲದಲ್ಲಿ ಆ ಸ್ವರದ ಒಂದು ಕಂಪನದಲ್ಲಿ ನೂರಕ್ಕೆ ಮೂರು ಪಾಲು ಮಾತ್ರ ಮುಗಿದಿದೆ. ಕಿವಿಗೆ ಕೇಳಿಸುವ ಮಾತೇ ಇಲ್ಲ.

2022ರ ಮೇ ತಿಂಗಳಲ್ಲಿ ನಾಸಾ ಬಿಡುಗಡೆ ಮಾಡಿದ ಆಡಿಯೋದಲ್ಲಿ ಈ ಅಲೆಗಳ ಮಾಹಿತಿಯನ್ನು 57 ಮತ್ತು 58 ಸ್ಥಾಯಿ ಮೇಲಕ್ಕೆ ಎತ್ತಿದ್ದಾರೆ. ಅಂದರೆ ಕಂಪನವನ್ನು 144ರ ಮುಂದೆ 15 ಸೊನ್ನೆ ಇಟ್ಟಷ್ಟು ಪಟ್ಟು, ಇನ್ನೊಂದು ಪದರದಲ್ಲಿ ಅದರ ಎರಡು ಪಟ್ಟು ಹೆಚ್ಚಿಸಿದ್ದಾರೆ. ನಾಸಾ ಇದನ್ನು ಮುಚ್ಚಿಟ್ಟಿರಲಿಲ್ಲ, ವಿವರಣೆಯಲ್ಲೇ ಬರೆದಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಟ್ವಿಟರ್‌ನಲ್ಲಿ ಮತ್ತೆ ಹಂಚಿಕೊಂಡಾಗ ಅದು ಜಗತ್ತೆಲ್ಲ ಹರಡಿತು. ಫಾರ್ವರ್ಡ್ ಆಗುತ್ತಾ ಆಗುತ್ತಾ ಆಡಿಯೋ ಉಳಿಯಿತು, ವಿವರಣೆ ಉದುರಿತು. ನಮ್ಮ ಅನುಭವದಲ್ಲಿ ಹೆಚ್ಚಿನ ‘ವಿಜ್ಞಾನ’ ಫಾರ್ವರ್ಡ್‌ಗಳ ಹಣೆಬರಹ ಇದೇ. ಸುಳ್ಳು ಸೇರಿಸುವವರಿಗಿಂತ ವಿವರಣೆ ಕತ್ತರಿಸುವವರೇ ಜಾಸ್ತಿ.

ಕಪ್ಪುಕುಳಿ ಹೊಳೆಯುವುದು ಹೇಗೆ?

ಕಪ್ಪುಕುಳಿ ಎಲ್ಲವನ್ನೂ ಎಳೆದು ನುಂಗುವ ವ್ಯಾಕ್ಯೂಮ್ ಕ್ಲೀನರ್ ಎಂಬ ಕಲ್ಪನೆ ವಿಡಿಯೋಗಳಲ್ಲಿ ಗಟ್ಟಿಯಾಗಿ ಕೂತಿದೆ. ಅದು ಹಾಗಲ್ಲ. ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕುಳಿ ಇಟ್ಟರೆ ಭೂಮಿ ಈಗ ಸುತ್ತುವಂತೆಯೇ ಸುತ್ತುತ್ತಿರುತ್ತದೆ. ಚಳಿಗೆ ಸಾಯುತ್ತೇವೆ, ಅದು ಬೇರೆ ವಿಷಯ. ಆದರೆ ಒಳಗೆ ಎಳೆದುಕೊಳ್ಳುವುದಿಲ್ಲ.

ನಮ್ಮ ಕ್ಷೀರಪಥದ ನಡುವೆಯೂ ಸೂರ್ಯನ 40 ಲಕ್ಷ ಪಟ್ಟು ತೂಕದ ಒಂದು ಕಪ್ಪುಕುಳಿ ಇದೆ. ಅದು ಸದ್ಯ ಬಹುಪಾಲು ಉಪವಾಸದಲ್ಲಿದೆ, ಹಾಗಾಗಿ ತೀರಾ ಮಂಕು. ಕೆಲವು ಗೆಲಾಕ್ಸಿಗಳಲ್ಲಿ ಮಾತ್ರ ನಡುವಿನ ಕಪ್ಪುಕುಳಿಗೆ ಅನಿಲ ಧಾರಾಳವಾಗಿ ಸಿಗುತ್ತಿರುತ್ತದೆ. ಇವೇ ಸಕ್ರಿಯ ಗೆಲಾಕ್ಸಿಗಳು. ಅನಿಲ ನೇರವಾಗಿ ಬೀಳುವುದಿಲ್ಲ. ಸ್ನಾನದ ಮನೆಯ ತೂಬಿನಲ್ಲಿ ನೀರು ಸುಳಿಯಾಗಿ ಇಳಿಯುವಂತೆ ಸುತ್ತುತ್ತಾ, ಚಪ್ಪಟೆ ತಟ್ಟೆಯಾಗಿ ಹರಡಿಕೊಂಡು, ನಿಧಾನವಾಗಿ ಒಳಕ್ಕೆ ಜಾರುತ್ತದೆ. ಒಳಗಿನ ಸುತ್ತು ಬಲು ವೇಗ, ಹೊರಗಿನದು ನಿಧಾನ. ಅವುಗಳ ನಡುವಿನ ತಿಕ್ಕಾಟದಲ್ಲಿ ತಟ್ಟೆ ಕಾಯುತ್ತದೆ. ಚಳಿಗೆ ಎರಡು ಅಂಗೈ ಉಜ್ಜಿದರೆ ಬಿಸಿಯಾಗುವುದಿಲ್ಲವೇ, ಅದೇ ತತ್ವ. ಆದರೆ ಇಲ್ಲಿ ಉಜ್ಜುವ ವೇಗ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್.

ಇದರಿಂದ ಹೊರಡುವ ಶಕ್ತಿ ಎಷ್ಟೆಂದರೆ, ಸೂರ್ಯನ ಒಳಗಿನ ಪರಮಾಣು ಒಲೆಯಲ್ಲಿ ಒಂದು ಕಿಲೋ ಹೈಡ್ರೋಜನ್ ಉರಿದರೆ ಶಕ್ತಿಯಾಗಿ ಬದಲಾಗುವುದು ಸುಮಾರು 7 ಗ್ರಾಂ ಮಾತ್ರ. ಅದೇ ಒಂದು ಕಿಲೋ ಅನಿಲ ಕಪ್ಪುಕುಳಿಗೆ ಸುತ್ತಿಕೊಂಡು ಬಿದ್ದರೆ ಕಡಿಮೆಯೆಂದರೂ 60 ಗ್ರಾಂನಷ್ಟು. ಕುಳಿ ಪರಮಾವಧಿ ವೇಗದಲ್ಲಿ ತಿರುಗುತ್ತಿದ್ದರೆ 400 ಗ್ರಾಂ ದಾಟಬಹುದು. ಇಡೀ ಗೆಲಾಕ್ಸಿಯ ನಕ್ಷತ್ರಗಳೆಲ್ಲ ಸೇರಿ ಹೊಮ್ಮಿಸುವ ಬೆಳಕನ್ನು ಅದರ ನಡುವಿನ ಒಂದು ಸಣ್ಣ ಚುಕ್ಕೆ ಮೀರಿಸುವುದು ಹೀಗೆ. ಬೆಳಗುವುದು ಕುಳಿಯಲ್ಲ, ಬೀಳುವುದಕ್ಕೆ ಮುಂಚಿನ ಅನಿಲ.

ತಟ್ಟೆಯ ಒಳಭಾಗ ಹೆಚ್ಚಾಗಿ ನೇರಳಾತೀತ ಬೆಳಕು ಸೂಸುತ್ತದೆ. ಅದರ ಮೇಲೆ, ಕುಳಿಗೆ ತೀರಾ ಹತ್ತಿರದಲ್ಲಿ, ನೂರು ಕೋಟಿ ಡಿಗ್ರಿ ಆಸುಪಾಸಿನ ಬಿಸಿಯ ಇಲೆಕ್ಟ್ರಾನ್‌ಗಳ ಒಂದು ಮೋಡ ಇರುತ್ತದೆ. ಅದಕ್ಕೆ ಖಗೋಳವಿಜ್ಞಾನಿಗಳು ಇಟ್ಟ ಹೆಸರು ಕೊರೋನಾ. (ಹೆದರಬೇಡಿ. ಆ ಪದದ ಅರ್ಥ ಕಿರೀಟ ಎಂದಷ್ಟೇ. ವೈರಸ್‌ಗೂ ಅದೇ ಕಾರಣಕ್ಕೆ ಆ ಹೆಸರು ಬಂತು.) ತಟ್ಟೆಯಿಂದ ಹೊರಟ ಬೆಳಕಿನ ಕಣಗಳು ಈ ಮೋಡದ ಇಲೆಕ್ಟ್ರಾನ್‌ಗಳಿಂದ ಏಟು ತಿಂದು ಮತ್ತಷ್ಟು ಶಕ್ತಿ ಪಡೆದು ಎಕ್ಸ್‌-ರೇಗಳಾಗಿ ಹೊರಬರುತ್ತವೆ. ಬೇರೆ ಬಗೆಯ ಬೆಳಕು ಕುಳಿಯಿಂದ ದೂರದ ಜಾಗಗಳಿಂದಲೂ ಬರುತ್ತದೆ. ಎಕ್ಸ್‌-ರೇ ಬರುವುದು ಬಹುತೇಕ ಅಂಚಿನ ಪಕ್ಕದಿಂದ. ಎಕ್ಸ್‌-ರೇ ಮುಖ್ಯವಾಗುವುದು ಇದಕ್ಕೇ.

ಆಸ್ಪತ್ರೆಯ ಎಕ್ಸ್‌-ರೇಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಆಸ್ಪತ್ರೆಯಲ್ಲಿ ಯಂತ್ರ ಕಿರಣ ಬಿಡುತ್ತದೆ, ಅದು ನಿಮ್ಮ ಮೈ ದಾಟಿ ಹೋದಾಗ ಮೂಳೆಯ ನೆರಳು ಬೀಳುತ್ತದೆ. ಇಲ್ಲಿ ನಾವು ಯಾವ ಕಿರಣವನ್ನೂ ಬಿಡುವುದಿಲ್ಲ. ತಾನಾಗಿ ಬಂದದ್ದನ್ನು ಹಿಡಿದುಕೊಳ್ಳುತ್ತೇವೆ.

ರಾತ್ರಿ 12.30ಕ್ಕೆ ಫೋನ್ ಆಫ್ ಮಾಡಬೇಕೇ?

ಆಕಾಶದಿಂದ ಕಿರಣ ಬರುತ್ತದೆ ಎಂದ ಕೂಡಲೇ ಇನ್ನೊಂದು ಫಾರ್ವರ್ಡ್ ನೆನಪಾಗದೇ ಇರದು. ‘ಇಂದು ರಾತ್ರಿ 12.30ರಿಂದ 3.30ರವರೆಗೆ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗಲಿವೆ. ಫೋನ್ ಆಫ್ ಮಾಡಿ, ಮೈಗೆ ಹತ್ತಿರ ಇಟ್ಟುಕೊಳ್ಳಬೇಡಿ. ನಾಸಾ ಮತ್ತು ಬಿಬಿಸಿ ನೋಡಿ.’ ವರ್ಷಗಳಿಂದ ಇದೇ ಸಂದೇಶ ಸುತ್ತುತ್ತಿದೆ. ಆ ‘ಇಂದು ರಾತ್ರಿ’ ಎಂದೂ ಮುಗಿಯುವುದಿಲ್ಲ.

ಕಾಸ್ಮಿಕ್ ಕಿರಣಗಳು ನಿಜ. ಅವು ಅತಿವೇಗದ ಕಣಗಳು. ಹಗಲು-ರಾತ್ರಿ ಎನ್ನದೆ, ನೀವು ಇದನ್ನು ಓದುತ್ತಿರುವಾಗಲೂ, ನಮ್ಮ ವಾತಾವರಣಕ್ಕೆ ಬಡಿಯುತ್ತಲೇ ಇವೆ. ಅವಕ್ಕೆ ಯಾವ ವೇಳಾಪಟ್ಟಿಯೂ ಇಲ್ಲ. ಆಕಾಶದ ಎಕ್ಸ್‌-ರೇಗಳ ವಿಷಯಕ್ಕೆ ಬಂದರೆ, ಒಂದೂ ನೆಲ ಮುಟ್ಟುವುದಿಲ್ಲ. ತಲೆಯ ಮೇಲಿನ ಗಾಳಿಯ ಪದರ ಎಲ್ಲವನ್ನೂ ಹೀರಿಕೊಳ್ಳುತ್ತದೆ. ಇದಕ್ಕೆ ನಮ್ಮ ಬಳಿ ಇರುವ ಪುರಾವೆ ತುಂಬಾ ಸರಳ. ಅವು ನೆಲಕ್ಕೆ ಬರುವಂತಿದ್ದರೆ ಬೆಟ್ಟದ ಮೇಲೊಂದು ದೂರದರ್ಶಕ ಇಟ್ಟು ನೋಡಬಹುದಿತ್ತು, ಕೋಟಿಗಟ್ಟಲೆ ಖರ್ಚು ಮಾಡಿ ಉಪಗ್ರಹ ಹಾರಿಸುವ ಕಷ್ಟವೇ ಇರುತ್ತಿರಲಿಲ್ಲ.

ಹೀಗಾಗಿ ಈ ವಿಜ್ಞಾನ ಹುಟ್ಟಿದ್ದೇ ರಾಕೆಟ್ ಯುಗದಲ್ಲಿ. 1962ರ ಜೂನ್ 18ರಂದು ರಿಕಾರ್ಡೋ ಜಕ್ಕೋನಿ ಮತ್ತು ಸಂಗಡಿಗರು ಅಮೆರಿಕದ ನ್ಯೂ ಮೆಕ್ಸಿಕೋದಿಂದ ಒಂದು ಸಣ್ಣ ರಾಕೆಟ್ ಹಾರಿಸಿದರು. ಚಂದ್ರನಿಂದ ಎಕ್ಸ್‌-ರೇ ಬರುತ್ತದೆಯೇ ನೋಡುವ ಉದ್ದೇಶ. ವಾತಾವರಣದ ಮೇಲೆ ಸಿಕ್ಕಿದ್ದು ಐದಾರು ನಿಮಿಷ. ಚಂದ್ರನ ಬದಲು ವೃಶ್ಚಿಕ ರಾಶಿಯ ದಿಕ್ಕಿನಲ್ಲಿ ಯಾರೂ ನಿರೀಕ್ಷಿಸದ ಪ್ರಖರ ಎಕ್ಸ್‌-ರೇ ಮೂಲ ಕಂಡಿತು. ನಲವತ್ತು ವರ್ಷಗಳ ನಂತರ, 2002ರಲ್ಲಿ, ಜಕ್ಕೋನಿಗೆ ನೊಬೆಲ್ ಬಂತು.

ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ ಕಟ್ಟಿದರು ಎಂಬುದು ಹಲವರಿಗೆ ಗೊತ್ತು. ಅದರಲ್ಲಿ ಎಕ್ಸ್‌-ರೇ ಖಗೋಳವಿಜ್ಞಾನದ ಉಪಕರಣವೂ ಇತ್ತು ಎಂಬುದು ಅಷ್ಟಾಗಿ ಗೊತ್ತಿಲ್ಲ. 1975ರ ಏಪ್ರಿಲ್ 19ರಂದು ಅದು ಹಾರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ತೊಂದರೆಯಿಂದ ಪ್ರಯೋಗಗಳು ನಿಂತುಹೋದವು.

ಎಕ್ಸ್‌-ರೇಗೆ ದೂರದರ್ಶಕ ಮಾಡುವುದೂ ಸುಲಭವಲ್ಲ. ಸಾಮಾನ್ಯ ಕನ್ನಡಿಗೆ ನೇರವಾಗಿ ಬಿದ್ದರೆ ಎಕ್ಸ್‌-ರೇ ಪ್ರತಿಫಲಿಸುವುದಿಲ್ಲ, ಒಳಕ್ಕೆ ಹೊಕ್ಕುಬಿಡುತ್ತದೆ. ಚಪ್ಪಟೆ ಕಲ್ಲನ್ನು ಕೆರೆಯ ನೀರಿಗೆ ಓರೆಯಾಗಿ ಬೀಸಿದರೆ ಅದು ಮುಳುಗದೆ ಪುಟಿಯುತ್ತಾ ಹೋಗುತ್ತದಲ್ಲ, ಹಾಗೆ ಎಕ್ಸ್‌-ರೇಯನ್ನು ಕನ್ನಡಿಯ ಮೇಲ್ಮೈಗೆ ಸವರಿಕೊಂಡು ಹೋಗುವಂತೆ ಬೀಳಿಸಬೇಕು. ಅದಕ್ಕಾಗಿ ಕನ್ನಡಿಗಳನ್ನು ಒಂದರೊಳಗೊಂದು ಕೊಳವೆಗಳಂತೆ ಜೋಡಿಸುತ್ತಾರೆ. 1999ರ ಜುಲೈನಲ್ಲಿ ಹಾರಿದ ಚಂದ್ರಾ ಇಂಥದ್ದೇ ದೂರದರ್ಶಕ. ಆ ಹೆಸರು ಚಂದಮಾಮನದ್ದಲ್ಲ, ಭಾರತ ಮೂಲದ ನೊಬೆಲ್ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರದು.

ಒಂದು ಚುಕ್ಕೆಯಿಂದ ಇಷ್ಟೆಲ್ಲ ಹೇಗೆ ತಿಳಿಯುತ್ತದೆ?

ಪರ್ಸಿಯಸ್‌ನ ಅನಿಲ ಲಕ್ಷಾಂತರ ಜ್ಯೋತಿರ್ವರ್ಷ ಹರಡಿರುವುದರಿಂದ ಅದರ ಚಿತ್ರ ತೆಗೆಯಬಹುದು. ಆದರೆ ಕಪ್ಪುಕುಳಿಯ ಪಕ್ಕದ ಜಾಗ ಎಷ್ಟು ಚಿಕ್ಕದೆಂದರೆ, ಯಾವ ಎಕ್ಸ್‌-ರೇ ದೂರದರ್ಶಕಕ್ಕೂ ಅದು ಒಂದು ಚುಕ್ಕೆಯೇ. ಬೆಂಕಿಯ ಬಳೆಯಂಥ ತಟ್ಟೆ, ಅದರಿಂದ ನೀಲಿ ಕಾರಂಜಿ ಚಿಮ್ಮುವ ಸುಂದರ ಚಿತ್ರಗಳನ್ನು ನೀವು ನೋಡಿರುತ್ತೀರಿ. ಅವು ಕಲಾವಿದರು ಬರೆದವು. 2019ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಎಂ87 ಗೆಲಾಕ್ಸಿಯ ಕಪ್ಪುಕುಳಿಯ ಕಿತ್ತಳೆ ಉಂಗುರ ಮಾತ್ರ ನಿಜವಾದ ಚಿತ್ರ. ಆದರೆ ಅದು ರೇಡಿಯೋ ಅಲೆಗಳದ್ದು, ಭೂಮಿಯ ಹಲವು ಮೂಲೆಗಳ ದೂರದರ್ಶಕಗಳನ್ನು ಒಟ್ಟುಗೂಡಿಸಿ ಪಡೆದದ್ದು. ಕಿತ್ತಳೆ ಬಣ್ಣ ನಮ್ಮ ಕಣ್ಣಿಗಾಗಿ ಹಚ್ಚಿದ್ದು.

ಎಕ್ಸ್‌-ರೇ ವಿಜ್ಞಾನಿಗಳ ಕೈಗೆ ಸಿಗುವುದು ಚಿತ್ರವಲ್ಲ, ಪಟ್ಟಿ. ಯಾವ ಕ್ಷಣದಲ್ಲಿ ಒಂದು ಎಕ್ಸ್‌-ರೇ ಕಣ ಬಂತು, ಅದರ ಶಕ್ತಿ ಎಷ್ಟು ಎಂಬ ಎರಡು ಕಲಮುಗಳ ಲೆಕ್ಕದ ಪುಸ್ತಕ ಎನ್ನಿ. ನಮಗೆ ಇಡೀ ವಿಷಯದಲ್ಲಿ ಅತಿ ಹೆಚ್ಚು ಬೆರಗು ತಂದದ್ದು ಈ ಪುಸ್ತಕವನ್ನು ಅವರು ಓದುವ ಬಗೆ.

ಮೊದಲ ಕಲಮು, ಸಮಯ. ಒಂದು ಕಿಲೋಮೀಟರ್ ಉದ್ದದ ಜಾತ್ರೆಯ ಜನಸಂದಣಿ ಒಂದೇ ಕ್ಷಣದಲ್ಲಿ ಚಪ್ಪಾಳೆ ತಟ್ಟಿತು ಎಂದುಕೊಳ್ಳಿ. ನೀವು ಒಂದು ತುದಿಯಲ್ಲಿ ನಿಂತಿದ್ದೀರಿ. ಹತ್ತಿರದವರ ಚಪ್ಪಾಳೆ ಕೂಡಲೇ ಕೇಳಿಸುತ್ತದೆ, ಆ ತುದಿಯವರದು ಮೂರು ಸೆಕೆಂಡು ತಡವಾಗಿ. ಒಟ್ಟಿನಲ್ಲಿ ನಿಮಗೆ ಮೂರು ಸೆಕೆಂಡಿನ ಸದ್ದು. ಅದರ ಬದಲು ಒಂದೇ ಚುರುಕಾದ ‘ಚಟ್’ ಕೇಳಿಸಿದರೆ, ಕಣ್ಣು ಮುಚ್ಚಿಕೊಂಡೇ ಹೇಳಬಹುದು, ಅದು ದೊಡ್ಡ ಗುಂಪಲ್ಲ. ಬೆಳಕಿಗೂ ಇದೇ ನಿಯಮ. ಕೆಲವು ಸಕ್ರಿಯ ಗೆಲಾಕ್ಸಿಗಳ ಎಕ್ಸ್‌-ರೇ ಹೊಳಪು ಗಂಟೆಯೊಳಗೆ ಏರಿ ಇಳಿಯುತ್ತದೆ. ಹಾಗಾದರೆ ಅದು ಹೊರಡುವ ಜಾಗ ಬೆಳಕು ಒಂದು ಗಂಟೆಯಲ್ಲಿ ಕ್ರಮಿಸುವ ದೂರಕ್ಕಿಂತ, ಅಂದರೆ ಸುಮಾರು 108 ಕೋಟಿ ಕಿಲೋಮೀಟರ್‌ಗಿಂತ, ದೊಡ್ಡದಿರಲು ಸಾಧ್ಯವಿಲ್ಲ. ಸೂರ್ಯನಿಂದ ಶನಿಗ್ರಹಕ್ಕೆ ಇರುವ ದೂರವೂ ಅದಕ್ಕಿಂತ ಹೆಚ್ಚು! ಒಂದು ಲಕ್ಷ ಜ್ಯೋತಿರ್ವರ್ಷ ಅಗಲದ ಗೆಲಾಕ್ಸಿಯೊಂದರ ಅಷ್ಟೊಂದು ಶಕ್ತಿ ಅಷ್ಟು ಚಿಕ್ಕ ಜಾಗದಿಂದ ಬರುವುದಾದರೆ, ಅಲ್ಲಿ ಕಪ್ಪುಕುಳಿಯಲ್ಲದೆ ಬೇರೇನನ್ನು ಕೂರಿಸುವುದೂ ಕಷ್ಟ.

ಎರಡನೆಯ ಕಲಮು, ಶಕ್ತಿ. ಇದನ್ನು ಅರ್ಥ ಮಾಡಿಕೊಳ್ಳಲು ಚಿನ್ನದ ಅಂಗಡಿಗೆ ಹೋಗಬೇಕು. ಹಳೆಯ ಒಡವೆ ಕೊಟ್ಟರೆ ಈಗ ಒರೆಗಲ್ಲಿಗೆ ಉಜ್ಜುವ ಬದಲು ಒಂದು ಪೆಟ್ಟಿಗೆಯಂಥ ಯಂತ್ರದಲ್ಲಿಟ್ಟು ಎಷ್ಟು ಕ್ಯಾರೆಟ್ ಎಂದು ಹೇಳುತ್ತಾರಲ್ಲ, ಅದರೊಳಗೆ ಎಕ್ಸ್‌-ರೇ ಕೆಲಸ ಮಾಡುತ್ತದೆ. ಯಂತ್ರ ಒಡವೆಗೆ ಎಕ್ಸ್‌-ರೇ ಹಾಯಿಸಿದಾಗ ಚಿನ್ನ, ತಾಮ್ರ, ಬೆಳ್ಳಿ ಒಂದೊಂದೂ ತನ್ನದೇ ನಿರ್ದಿಷ್ಟ ಶಕ್ತಿಯ ಎಕ್ಸ್‌-ರೇಯನ್ನು ತಿರುಗಿ ಹೊಮ್ಮಿಸುತ್ತದೆ. ಅದೇ ಆ ಲೋಹದ ಸಹಿ. ಕಪ್ಪುಕುಳಿಯ ಪಕ್ಕದಲ್ಲೂ ಇದೇ ನಡೆಯುತ್ತದೆ. ಕೊರೋನಾದ ಎಕ್ಸ್‌-ರೇಗಳು ಕೆಳಗಿನ ತಟ್ಟೆಗೆ ಬಡಿಯುತ್ತವೆ, ತಟ್ಟೆಯಲ್ಲಿರುವ ಕಬ್ಬಿಣದ ಪರಮಾಣುಗಳು ತಮ್ಮ ಸಹಿ ಹಾಕುತ್ತವೆ. ಪ್ರಯೋಗಾಲಯದಲ್ಲಿ ಆ ಸಹಿಯ ಜಾಗ ಖಚಿತವಾಗಿ ಗೊತ್ತು: 6.4 ಕಿಲೋ ಇಲೆಕ್ಟ್ರಾನ್‌ವೋಲ್ಟ್.

ಆದರೆ ತಟ್ಟೆಯಿಂದ ಬರುವ ಸಹಿ ನೆಟ್ಟಗಿರುವುದಿಲ್ಲ, ಹಿಗ್ಗಿ ಸೊಟ್ಟಗಾಗಿರುತ್ತದೆ. ಆಂಬ್ಯುಲೆನ್ಸ್ ಹತ್ತಿರ ಬರುವಾಗ ಸೈರನ್ ಚುರುಕಾಗಿ, ದೂರ ಹೋಗುವಾಗ ಮಂದ್ರವಾಗಿ ಕೇಳುವಂತೆ, ತಟ್ಟೆಯ ಒಂದು ಮಗ್ಗುಲು ನಮ್ಮತ್ತ ನುಗ್ಗುತ್ತಾ ಸಹಿಯನ್ನು ಮೇಲಕ್ಕೂ ಇನ್ನೊಂದು ಮಗ್ಗುಲು ದೂರ ಸರಿಯುತ್ತಾ ಕೆಳಕ್ಕೂ ಎಳೆಯುತ್ತದೆ. ಇದರ ಮೇಲೆ ಗುರುತ್ವದ ಕೈವಾಡ. ಆಳವಾದ ಬಾವಿಯಿಂದ ಮೇಲೆ ಹತ್ತಿ ಬಂದವನು ದಣಿದಿರುವಂತೆ, ಕುಳಿಯ ಹತ್ತಿರದಿಂದ ಹೊರಟ ಬೆಳಕು ಶಕ್ತಿ ಕಳೆದುಕೊಂಡು ಬರುತ್ತದೆ. ವೇಗ ಕಡಿಮೆಯಾಗುವುದಿಲ್ಲ, ಶಕ್ತಿ ಮಾತ್ರ. ಸಹಿಯ ಒಂದು ತುದಿ ಉದ್ದಕ್ಕೆ ಬಾಲದಂತೆ ಕೆಳಗಿಳಿಯುತ್ತದೆ.

1995ರಲ್ಲಿ ಜಪಾನಿನ ‘ಆಸ್ಕಾ’ ಉಪಗ್ರಹ ಎಂಸಿಜಿ-6-30-15 ಎಂಬ ಗೆಲಾಕ್ಸಿಯಲ್ಲಿ ಈ ಬಾಲವನ್ನು ಸ್ಪಷ್ಟವಾಗಿ ಹಿಡಿಯಿತು. ಆ ಹಿಗ್ಗುವಿಕೆಗೆ ಸೆಕೆಂಡಿಗೆ ಸುಮಾರು ಒಂದು ಲಕ್ಷ ಕಿಲೋಮೀಟರ್ ವೇಗ ಬೇಕು, ಬೆಳಕಿನ ವೇಗದ ಮೂರನೇ ಒಂದು ಭಾಗ. ಕಬ್ಬಿಣ ಎಂಬ ನಮ್ಮ ಬಾಣಲೆ-ಕತ್ತಿಯ ಲೋಹ ಅಲ್ಲಿ ಅಷ್ಟು ವೇಗದಲ್ಲಿ ಸುತ್ತುತ್ತಿತ್ತು.

ಈ ಬಾಲ ಎಷ್ಟು ಉದ್ದ ಎಂಬುದರಿಂದ ಕಪ್ಪುಕುಳಿ ತಿರುಗುವ ವೇಗವನ್ನೂ ಅಂದಾಜು ಮಾಡಬಹುದು. ತಿರುಗದ ಕುಳಿಯಾದರೆ ಅನಿಲ ಅದರ ಗಾತ್ರದ ಮೂರು ಪಟ್ಟು ದೂರದವರೆಗೆ ಮಾತ್ರ ಸ್ಥಿರವಾಗಿ ಸುತ್ತಬಲ್ಲದು, ಅದರೊಳಗೆ ಬಂದರೆ ಬಿದ್ದೇಬಿಡುತ್ತದೆ. ಕುಳಿ ವೇಗವಾಗಿ ತಿರುಗಿದಷ್ಟೂ ತಟ್ಟೆ ಇನ್ನೂ ಒಳಗೆ ಹೋಗಬಹುದು, ಬಾಲ ಇನ್ನೂ ಉದ್ದವಾಗುತ್ತದೆ. ತಿರುಗುವ ವೇಗ ಗೊತ್ತಾದರೆ ಕುಳಿ ಬೆಳೆದ ಬಗೆಯ ಸುಳಿವೂ ಸಿಗುತ್ತದೆ. ಒಂದೇ ದಿಕ್ಕಿನಿಂದ ಬಹುಕಾಲ ಉಂಡು ಬೆಳೆದದ್ದು ಜೋರಾಗಿ ತಿರುಗುತ್ತಿರುತ್ತದೆ, ಎಲ್ಲ ದಿಕ್ಕಿನಿಂದ ಚೂರುಪಾರು ತಿಂದದ್ದು ನಿಧಾನ.

ಇಷ್ಟು ಓದಿ ಎಲ್ಲ ಸಲೀಸು ಎಂದುಕೊಳ್ಳಬೇಡಿ. ಇದರ ಮೇಲೆ ವರ್ಷಗಟ್ಟಲೆ ಜಗಳ ನಡೆಯಿತು. ಆ ಸೊಟ್ಟ ಸಹಿಗೆ ಕಪ್ಪುಕುಳಿಯ ಗುರುತ್ವ ಬೇಕಿಲ್ಲ, ದಾರಿಯಲ್ಲಿ ಅಡ್ಡ ಬರುವ ದಟ್ಟ ಅನಿಲದ ಮೋಡಗಳು ಎಕ್ಸ್‌-ರೇಯನ್ನು ಅಲ್ಲಲ್ಲಿ ನುಂಗಿದರೂ ಹಾಗೇ ಕಾಣುತ್ತದೆ ಎಂದು ಇನ್ನೊಂದು ಬಣ ವಾದಿಸಿತು. ಅದು ತಳ್ಳಿಹಾಕುವ ವಾದವಾಗಿರಲಿಲ್ಲ. ಕಡಿಮೆ ಶಕ್ತಿಯ ಎಕ್ಸ್‌-ರೇ ಮಾತ್ರ ನೋಡಿದರೆ ಎರಡೂ ಒಂದೇ ತೆರನಾಗಿ ಕಾಣುತ್ತಿದ್ದವು. 2012ರಲ್ಲಿ ನಾಸಾದ ನುಸ್ಟಾರ್ ಹಾರಿತು. ಅದು ಹೆಚ್ಚು ಶಕ್ತಿಯ ಎಕ್ಸ್‌-ರೇಗಳನ್ನೂ ಸ್ಪಷ್ಟವಾಗಿ ನೋಡಬಲ್ಲದು. ನುಸ್ಟಾರ್ ಮತ್ತು ಯುರೋಪಿನ ಎಕ್ಸ್‌ಎಂಎಂ-ನ್ಯೂಟನ್ ಎರಡೂ ಒಟ್ಟಿಗೆ ಎನ್‌ಜಿಸಿ 1365 ಗೆಲಾಕ್ಸಿಯನ್ನು ನೋಡಿದವು. ಅಲ್ಲಿರುವುದು ಸೂರ್ಯನ ಸುಮಾರು 20 ಲಕ್ಷ ಪಟ್ಟು ತೂಕದ ಕುಳಿ. ಮೋಡಗಳ ವಾದ ಆ ಹೆಚ್ಚಿನ ಶಕ್ತಿಯ ಅಳತೆಗಳಿಗೆ ಹೊಂದಲಿಲ್ಲ. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅದು ಭೌತಶಾಸ್ತ್ರ ಅನುಮತಿಸುವ ಗರಿಷ್ಠದ ಕನಿಷ್ಠ 84 ಶೇಕಡಾ ವೇಗದಲ್ಲಿ ತಿರುಗುತ್ತಿದೆ. ಎಲ್ಲ ಗೆಲಾಕ್ಸಿಗಳಿಗೂ ಇದೇ ತೀರ್ಪು ಅನ್ವಯಿಸುವುದಿಲ್ಲ. ಮೋಡಗಳೂ ಇವೆ, ಕೆಲವು ಕಡೆ ಎರಡೂ ಇವೆ. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಬೇಕು.

ಎರಡೂ ಕಲಮುಗಳನ್ನು ಒಟ್ಟಿಗೆ ಓದಿದರೆ ಪ್ರತಿಧ್ವನಿಯೂ ಕೇಳುತ್ತದೆ. ಕೊರೋನಾ ಮಿಂಚಿದ ಸ್ವಲ್ಪ ಹೊತ್ತಿಗೆ ತಟ್ಟೆ ಮಿಂಚುತ್ತದೆ. 2009ರಲ್ಲಿ 1ಎಚ್ 0707-495 ಎಂಬ ಗೆಲಾಕ್ಸಿಯಲ್ಲಿ ಆ ತಡ ಸುಮಾರು 30 ಸೆಕೆಂಡು ಎಂದು ಅಳೆದರು. 2021ರ ಜುಲೈನಲ್ಲಿ ‘ಕಪ್ಪುಕುಳಿಯ ಹಿಂಬದಿಯ ಬೆಳಕು ಮೊದಲ ಬಾರಿಗೆ ಕಂಡಿತು’ ಎಂಬ ಸುದ್ದಿ ಬಂದಾಗ ನಡೆದದ್ದೂ ಇಂಥದ್ದೇ. 80 ಕೋಟಿ ಜ್ಯೋತಿರ್ವರ್ಷ ದೂರದ ಐ ಜ್ವಿಕಿ 1 ಗೆಲಾಕ್ಸಿಯಲ್ಲಿ ದೊಡ್ಡ ಮಿಂಚಿನ ನಂತರ ಬಂದ ಸಣ್ಣ ಮಿಂಚುಗಳು ತಟ್ಟೆಯ ಹಿಂಭಾಗದಿಂದ ಪ್ರತಿಫಲಿಸಿ, ಕುಳಿಯ ಗುರುತ್ವದಿಂದ ಬಾಗಿ ನಮ್ಮತ್ತ ಬಂದವು. ಸುದ್ದಿಯ ಜೊತೆ ಬಂದ ಚಿತ್ರ ಕಲಾವಿದರದ್ದು. ಮೂಲದಲ್ಲಿ ಇದ್ದದ್ದು ಏರಿಳಿಯುವ ಗೆರೆಗಳ ನಕ್ಷೆ. ಅದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ, ಅವರನ್ನು ದೂರುವಂತೆಯೂ ಇಲ್ಲ.

ಬ್ಯಾಲಾಳಿಗೆ ಬರುವ ಎಕ್ಸ್‌-ರೇ ಲೆಕ್ಕ

ಈ ಕೆಲಸದಲ್ಲಿ ನಮ್ಮ ಪಾಲೂ ಇದೆ. 2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ನೆಲದಿಂದ ಸುಮಾರು 650 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತದೆ. ಐದು ವರ್ಷಕ್ಕೆಂದು ರೂಪಿಸಿದ್ದು, ಆ ಗಡುವು ದಾಟಿಯೂ ಕೆಲಸ ಮಾಡಿದೆ. ಇದರ ವಿಶೇಷವೆಂದರೆ ಒಂದೇ ವಸ್ತುವನ್ನು ಏಕಕಾಲಕ್ಕೆ ನೇರಳಾತೀತದಲ್ಲೂ ಎಕ್ಸ್‌-ರೇಯಲ್ಲೂ ನೋಡಬಲ್ಲದು. ಮೇಲೆ ಹೇಳಿದ್ದು ನೆನಪಿರಲಿ. ತಟ್ಟೆ ಬೆಳಗುವುದು ನೇರಳಾತೀತದಲ್ಲಿ, ಕೊರೋನಾ ಎಕ್ಸ್‌-ರೇಯಲ್ಲಿ. ಎರಡನ್ನೂ ಒಂದೇ ಗಳಿಗೆಯಲ್ಲಿ ನೋಡದಿದ್ದರೆ ಯಾವುದರಿಂದ ಯಾವುದು ಏರಿತು ಎಂದು ಹೇಳುವುದು ಕಷ್ಟ. ಇದಕ್ಕಾಗಿ ಎರಡು ಮೂರು ದೂರದರ್ಶಕಗಳ ಸಮಯ ಹೊಂದಿಸಬೇಕಾದ ಸಂದರ್ಭಗಳೂ ಇವೆ. ನೇರಳಾತೀತ ದೂರದರ್ಶಕದ ಮುಂದಾಳತ್ವ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು, ಮುಖ್ಯ ಎಕ್ಸ್‌-ರೇ ಉಪಕರಣಗಳು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವು. ಮಾಹಿತಿ ಸಂಗ್ರಹವಾಗುವುದು ಬೆಂಗಳೂರು ಹೊರವಲಯದ ಬ್ಯಾಲಾಳಿನ ಇಸ್ರೋ ಕೇಂದ್ರದಲ್ಲಿ. ನಿಗದಿತ ಅವಧಿಯ ನಂತರ ಆ ಮಾಹಿತಿ ಯಾರಿಗೆ ಬೇಕಾದರೂ ಸಿಗುತ್ತದೆ.

2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್‌ನ ಪೋಲಿಕ್ಸ್ ಉಪಕರಣವನ್ನು ಕಟ್ಟಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ಅದು ಲೆಕ್ಕದ ಪುಸ್ತಕಕ್ಕೆ ಮೂರನೆಯ ಕಲಮು ಸೇರಿಸುತ್ತದೆ: ಎಕ್ಸ್‌-ರೇ ಅಲೆ ಯಾವ ದಿಕ್ಕಿಗೆ ಕಂಪಿಸುತ್ತಿದೆ ಎಂಬುದು. ಅದರಿಂದ ಕೊರೋನಾ ಯಾವ ಆಕಾರದಲ್ಲಿ ಹರಡಿದೆ ಎಂಬಂಥ ಪ್ರಶ್ನೆಗಳಿಗೆ ಸುಳಿವು ಸಿಗುತ್ತದೆ. ಆದರೆ ಇದಕ್ಕೆ ತುಂಬಾ ಪ್ರಖರವಾದ ಮೂಲ ಬೇಕು, ಹೆಚ್ಚಿನ ಸಕ್ರಿಯ ಗೆಲಾಕ್ಸಿಗಳು ಅಷ್ಟು ಪ್ರಖರವಲ್ಲ.

ಮತ್ತೆ ಆ ಸ್ವರಕ್ಕೆ

ಪರ್ಸಿಯಸ್‌ನ ಅಲೆಗಳು ಬರೀ ವಿಚಿತ್ರ ಸಂಗತಿಯಲ್ಲ. ಅಲ್ಲಿನ ಬಿಸಿ ಅನಿಲ ಎಕ್ಸ್‌-ರೇ ಸೂಸುತ್ತಾ ಸೂಸುತ್ತಾ ತಣ್ಣಗಾಗಬೇಕು, ತಣ್ಣಗಾದದ್ದು ನಡುವಿಗೆ ಕುಸಿದು ರಾಶಿರಾಶಿ ಹೊಸ ನಕ್ಷತ್ರಗಳಾಗಬೇಕು. ಲೆಕ್ಕ ಹೇಳುವಷ್ಟು ನಕ್ಷತ್ರಗಳು ಅಲ್ಲಿ ಹುಟ್ಟುತ್ತಿಲ್ಲ. ಯಾರೋ ಒಲೆ ಆರದಂತೆ ನೋಡಿಕೊಳ್ಳುತ್ತಿದ್ದಾರೆ. ಆ ‘ಯಾರೋ’ ನಡುವಿನ ಕಪ್ಪುಕುಳಿ ಎಂಬುದರಲ್ಲಿ ಈಗ ಹೆಚ್ಚು ಅನುಮಾನವಿಲ್ಲ. ಆದರೆ ಅದರ ಶಾಖ ಲಕ್ಷಾಂತರ ಜ್ಯೋತಿರ್ವರ್ಷದಾಚೆಗೆ ತಲುಪುವುದು ಹೇಗೆ? ಶಬ್ದದ ಅಲೆಗಳಿಂದಲೋ, ಅನಿಲದ ಕಲಕಾಟದಿಂದಲೋ?

ಇದನ್ನು ಅಳೆಯಲು 2016ರ ಫೆಬ್ರುವರಿ 17ರಂದು ಜಪಾನ್ ‘ಹಿಟೋಮಿ’ ಹಾರಿಸಿತು. ಹೆಸರಿನ ಅರ್ಥ ಕಣ್ಣಿನ ಪಾಪೆ. ಅದರ ಮುಖ್ಯ ಉಪಕರಣವನ್ನು ಎಲ್ಲಕ್ಕಿಂತ ತಣ್ಣನೆಯ ಸ್ಥಿತಿಗೆ, ನಿರಪೇಕ್ಷ ಸೊನ್ನೆಗಿಂತ ಒಂದು ಡಿಗ್ರಿಯ ಇಪ್ಪತ್ತನೇ ಒಂದು ಭಾಗದಷ್ಟೇ ಮೇಲೆ ಇಟ್ಟಿದ್ದರು. ಒಂದೇ ಒಂದು ಎಕ್ಸ್‌-ರೇ ಕಣ ಬಿದ್ದಾಗ ಆಗುವ ಬಿಸಿಯನ್ನು ಅದು ಅಳೆಯಬಲ್ಲದು. ಮೊದಲು ನೋಡಿದವುಗಳಲ್ಲಿ ಪರ್ಸಿಯಸ್ ಒಂದು. ಅನಿಲದೊಳಗಿನ ಕಬ್ಬಿಣದ ಸಹಿ ಅಳೆದಾಗ ಕಲಕಾಟದ ವೇಗ ಸೆಕೆಂಡಿಗೆ 164 ಕಿಲೋಮೀಟರ್ ಎಂದು ತಿಳಿಯಿತು. ಅಲ್ಲಿನ ಲೆಕ್ಕಕ್ಕೆ ಅದು ಅಚ್ಚರಿಯಷ್ಟು ಶಾಂತ. ಮಾರ್ಚ್ 26ರಂದು ಉಪಗ್ರಹ ತಾನು ತಿರುಗುತ್ತಿದ್ದೇನೆ ಎಂದು ತಪ್ಪಾಗಿ ತಿಳಿದು, ಸರಿಪಡಿಸಲು ಹೋಗಿ, ನಿಜವಾಗಿಯೂ ಗಿರಗಿರನೆ ತಿರುಗಿ ಮುರಿದುಹೋಯಿತು. ಆಯಸ್ಸು ಆರು ವಾರವೂ ಇಲ್ಲ. ಪರ್ಸಿಯಸ್‌ನ ಅಳತೆ ಮಾತ್ರ ಅಷ್ಟರೊಳಗೆ ನೆಲ ಸೇರಿತ್ತು.

ಅದರ ಬದಲಿಗೆ ‘ಎಕ್ಸ್‌ರಿಸಂ’ 2023ರ ಸೆಪ್ಟೆಂಬರ್‌ನಲ್ಲಿ ಹಾರಿತು. ಅದಕ್ಕೂ ಒಂದು ವಿಘ್ನ. ಮುಖ್ಯ ಉಪಕರಣದ ಮುಂದಿನ ರಕ್ಷಣೆಯ ಮುಚ್ಚಳ ತೆರೆದುಕೊಳ್ಳಲಿಲ್ಲ, ಕಡಿಮೆ ಶಕ್ತಿಯ ಎಕ್ಸ್‌-ರೇಗಳು ಒಳಗೆ ಬರದಂತಾದವು. ಅದೃಷ್ಟಕ್ಕೆ ಕಬ್ಬಿಣದ ಸಹಿಗೆ ಆ ಮುಚ್ಚಳ ದಾಟುವಷ್ಟು ಶಕ್ತಿಯಿದೆ. 2024ರಲ್ಲಿ ಅದು ಎನ್‌ಜಿಸಿ 4151 ಎಂಬ ಸಕ್ರಿಯ ಗೆಲಾಕ್ಸಿಯನ್ನು ಮುಚ್ಚಳದ ಮೂಲಕವೇ ನೋಡಿ, ಹಿಂದೆ ಒಂದೇ ಗೆರೆಯಂತೆ ಕಾಣುತ್ತಿದ್ದ ಕಬ್ಬಿಣದ ಸಹಿಯನ್ನು ಬಿಡಿಸಿ ತೋರಿಸಿತು. ಒಂದು ಪಾಲು ಕುಳಿಯ ಹತ್ತಿರದ ತಟ್ಟೆಯಿಂದ, ಒಂದು ಪಾಲು ಅದರಾಚೆ ಸುತ್ತುವ ಅನಿಲದಿಂದ, ಇನ್ನೊಂದು ಎಲ್ಲಕ್ಕಿಂತ ಹೊರಗಿನ ದೂಳಿನ ಉಂಗುರದಿಂದ.